ಎಂಟು ಲೋಟ ನೀರು: ಯಾವ ಲೋಟ, ಯಾರ ಲೆಕ್ಕ?

ನಮ್ಮ ಮನೆಯಲ್ಲಿ ಒಂದೇ ಫಿಲ್ಟರಿನ ನೀರನ್ನು ನಾಲ್ಕು ಜನ ಕುಡಿಯುತ್ತೇವೆ, ಆದರೆ ನಾಲ್ವರ ಅಳತೆಯೂ ಬೇರೆ ಬೇರೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದ ನನ್ನ ಗಂಡನಿಗೆ ವೈದ್ಯರು ಸಾಧ್ಯವಾದಷ್ಟು ಹೆಚ್ಚು ನೀರು ಕುಡಿಯಿರಿ ಎಂದಿದ್ದಾರೆ. ಹೃದಯ ದುರ್ಬಲವಾಗಿರುವ ಅತ್ತೆಗೆ ದಿನಕ್ಕೆ ಒಂದೂವರೆ ಲೀಟರ್ ದಾಟಬಾರದು ಎಂದು ಇನ್ನೊಬ್ಬ ವೈದ್ಯರು ಚೀಟಿಯಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಹದಿಮೂರರ ಮಗಳು ಬೆಳಿಗ್ಗೆ ತುಂಬಿಸಿಕೊಂಡು ಹೋದ ಬಾಟಲಿಯನ್ನು ಸಂಜೆ ಮುಕ್ಕಾಲು ತುಂಬಿದಂತೆಯೇ ಮರಳಿ ತರುತ್ತಾಳೆ. ಯಾವ ಕಾಯಿಲೆಯೂ ಇಲ್ಲದ, ಕುಳಿತು ಕೆಲಸ ಮಾಡುವ ನನಗೆ ಯಾರೂ ಏನನ್ನೂ ಹೇಳಿಲ್ಲವಾದ್ದರಿಂದ, ದಿನಕ್ಕೆ ಎಂಟು ಲೋಟ ಎಂಬ ಲೋಕಾರೂಢಿಯ ಮಾತೇ ಗತಿ. ಬಳ್ಳಾರಿಯಂಥ ಊರಿನಲ್ಲಿ, ಬೇಸಿಗೆಯ ಉಷ್ಣಾಂಶ 40 ಡಿಗ್ರಿಯ ಆಸುಪಾಸಿನಲ್ಲಿ ಸುಳಿದಾಡುವಾಗ, ಇದು ಕುಳಿತು ಲೆಕ್ಕ ಹಾಕಬೇಕಾದ ವಿಷಯವೆಂದು ನನಗೆ ತೋರಿತು. ಹಾಗೆ ಓದಿ, ಅಳೆದು, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೋಟದ ಮಾತು. ಅಡುಗೆಮನೆಯ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ಕಂಠದವರೆಗೆ ತುಂಬಿಸಿ, ಗೆರೆ ಹಾಕಿದ ಅಳತೆಯ ಜಾಡಿಗೆ ಸುರಿದು ನೋಡಿದೆ. ಕಾಫಿ ಲೋಟ ನೂರಿಪ್ಪತ್ತು ಮಿಲಿಲೀಟರ್ ಹಿಡಿಯಿತು. ಊಟದ ಜೊತೆಗಿಡುವ ಮಧ್ಯಮ ಗಾತ್ರದ ಲೋಟ ನೂರತೊಂಬತ್ತು ಹಿಡಿದರೆ, ಮದುವೆಯಲ್ಲಿ ಮುಯ್ಯಿಯಾಗಿ ಬಂದ, ಹೆಸರು ಕೆತ್ತಿಸಿದ ದೊಡ್ಡ ಲೋಟ ಮುನ್ನೂರನ್ನೂ ಮೀರಿತು. ಅತ್ತೆಯ ಹಿತ್ತಾಳೆ ತಂಬಿಗೆಯಲ್ಲಿ ಒಂದು ಲೀಟರಿಗೆ ತುಸು ಕಡಿಮೆ. ಹೀಗಾಗಿ ಎಂಟು ಲೋಟ ಎಂಬ ಒಂದೇ ಮಾತು ನಮ್ಮ ಮನೆಯೊಂದರಲ್ಲೇ ಒಂದು ಲೀಟರಿನಿಂದ ಎರಡೂವರೆ ಲೀಟರಿನವರೆಗೆ ಏನು ಬೇಕಾದರೂ ಆಗಬಹುದು. ಸಾಮಾನ್ಯವಾಗಿ ಈ ಮಾತನ್ನು ಆಡುವವರ ಮನಸ್ಸಿನಲ್ಲಿರುವುದು ಸುಮಾರು 240 ಮಿಲಿಲೀಟರಿನ ಅಮೆರಿಕದ ಅಳತೆಯ ಲೋಟ, ಅಂದರೆ ಒಟ್ಟು ಎರಡು ಲೀಟರಿನ ಹತ್ತಿರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಆರೋಗ್ಯವಂತ ವ್ಯಕ್ತಿಗೆ ಸುಮಾರು ಎಂಟು ಲೋಟ, ಅಂದರೆ ಎರಡು ಲೀಟರ್ ಎಂದೇ ಹೇಳುತ್ತದೆ; ಬಿಸಿಲಿನಲ್ಲಿ ಮತ್ತು ಮೈಮುರಿದು ದುಡಿಯುವಾಗ ಇನ್ನೂ ಹೆಚ್ಚು ಬೇಕೆಂಬುದನ್ನೂ ಅದರ ಜೊತೆಯಲ್ಲೇ ಸೇರಿಸುತ್ತದೆ. ಎಂಟು ಲೋಟವನ್ನು ನೆನಪಿಟ್ಟುಕೊಂಡ ನಾವು ಈ ಎರಡನೆಯ ಮಾತನ್ನು ಮರೆತಿದ್ದೇವೆ.

ಎಂಟು ಲೋಟದ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಹೊರಡಿಸಿದ ಶಿಫಾರಸನ್ನು. ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು, ಸೇವಿಸುವ ಆಹಾರದ ಪ್ರತಿ ಕ್ಯಾಲೊರಿಗೆ ಒಂದು ಮಿಲಿಲೀಟರ್ ಎಂಬುದು ಸ್ಥೂಲವಾದ ಅಳತೆ ಎಂದು ಹೇಳಿದ ಆ ಮಂಡಳಿ, ಅದರ ಬೆನ್ನಿಗೇ ಈ ನೀರಿನ ಬಹುಪಾಲು ಬೇಯಿಸಿದ ಆಹಾರದಲ್ಲೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತ್ತು. ಮೊದಲ ವಾಕ್ಯ ಲೋಕಸಂಚಾರ ಹೊರಟಿತು, ಕೊನೆಯ ವಾಕ್ಯ ಕಾಗದದಲ್ಲೇ ಉಳಿಯಿತು. ಡಾರ್ಟ್‌ಮತ್ ವೈದ್ಯಕೀಯ ಶಾಲೆಯ ಮೂತ್ರಪಿಂಡ ತಜ್ಞ ಹೈನ್ಸ್ ವಾಲ್ಟಿನ್ ಅವರು ಎಂಟು ಲೋಟದ ನಿಯಮಕ್ಕೆ ವೈಜ್ಞಾನಿಕ ಆಧಾರವೇನಿದೆ ಎಂದು ಹುಡುಕುತ್ತ ಹೋಗಿ, ಸಮಶೀತೋಷ್ಣ ಹವೆಯಲ್ಲಿ ಹೆಚ್ಚು ಶ್ರಮವಿಲ್ಲದೆ ಬದುಕುವ ಆರೋಗ್ಯವಂತ ವಯಸ್ಕರ ಮಟ್ಟಿಗೆ ಅಂಥ ಆಧಾರ ಸಿಗಲಿಲ್ಲವೆಂದು 2002ರಲ್ಲಿ ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿದರು. ಅವರ ಮಾತಿನಲ್ಲಿರುವ ಷರತ್ತುಗಳನ್ನು ನಾವು ಗಮನಿಸಬೇಕು. ಬಳ್ಳಾರಿಯ ಏಪ್ರಿಲ್ ಯಾವ ಕೋನದಿಂದ ನೋಡಿದರೂ ಸಮಶೀತೋಷ್ಣವಲ್ಲ.

ಇನ್ನು ಅಧಿಕೃತ ಅಂಕಿಗಳು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಗಂಡಸರಿಗೆ ದಿನಕ್ಕೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್ ಎಂದು ನಿಗದಿಪಡಿಸಿತು. ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರ 2010ರಲ್ಲಿ ಗಂಡಸರಿಗೆ 2.5 ಮತ್ತು ಹೆಂಗಸರಿಗೆ 2 ಲೀಟರ್ ಎಂದಿತು. ಎರಡು ತಜ್ಞ ಮಂಡಳಿಗಳ ನಡುವೆ ಗಂಡಸೊಬ್ಬನ ಲೆಕ್ಕದಲ್ಲಿ ಒಂದು ಲೀಟರಿಗೂ ಮೀರಿದ ವ್ಯತ್ಯಾಸವಿದೆ ಎಂಬುದೇ, ಇವು ಗಣಿತದ ಉತ್ತರಗಳಲ್ಲ, ಆಯಾ ನಾಡಿನ ಆರೋಗ್ಯವಂತರು ಎಷ್ಟು ಸೇವಿಸುತ್ತಿದ್ದಾರೆ ಎಂಬುದನ್ನು ಮುಖ್ಯವಾಗಿ ಆಧರಿಸಿದ ಅಂದಾಜುಗಳು ಎಂಬುದನ್ನು ತಿಳಿಸುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ ಎರಡೂ ಒಟ್ಟು ನೀರಿನ ಅಂಕಿಗಳು. ಅದರೊಳಗೆ ಕಾಫಿ, ಹಾಲು, ಮಜ್ಜಿಗೆ, ಸಾರು, ಅನ್ನ, ಹಣ್ಣು, ತರಕಾರಿಗಳಲ್ಲಿರುವ ನೀರೆಲ್ಲ ಸೇರಿದೆ. ಅಮೆರಿಕದವರ ಊಟದಲ್ಲಿ ಈ ಆಹಾರದ ಪಾಲು ಸುಮಾರು ಐದರಲ್ಲೊಂದು ಎಂದು ಅಲ್ಲಿನ ವರದಿ ಹೇಳುತ್ತದೆ. ನಮ್ಮ ಅನ್ನ ಸಾರಿನ ಊಟದಲ್ಲಿ ಅದು ಇನ್ನೂ ಹೆಚ್ಚಿರಲೇಬೇಕು. 3.7 ಎಂಬ ಅಂಕಿಯನ್ನು ಮಾತ್ರ ಓದಿಕೊಂಡು, ಊಟವನ್ನು ಲೆಕ್ಕಕ್ಕೇ ಹಿಡಿಯದೆ, ನಾಲ್ಕು ಲೀಟರಿನ ಕ್ಯಾನ್ ಎದುರಿಗಿಟ್ಟುಕೊಂಡು ಕೂರುವವರು ನನ್ನ ಪರಿಚಯದಲ್ಲೇ ಇದ್ದಾರೆ.

ಹಾಗಾಗಿ ಅಂಕಿಯಿಂದ ಆರಂಭಿಸುವ ಬದಲು ಖರ್ಚಿನಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ದೇಹದ ನೀರಿಗೆ ಅಂಗಡಿಯ ಖಾತೆಯಂತೆ ಜಮಾ ಮತ್ತು ಖರ್ಚು ಎಂಬ ಎರಡು ಕಲಂಗಳಿವೆ. ಬೆವರು ಹರಿಯದ ತಂಪು ದಿನದಲ್ಲೂ ಉಸಿರಿನಿಂದ ಮತ್ತು ಚರ್ಮದಿಂದ ನಮಗೆ ತಿಳಿಯದಂತೆ ಸುಮಾರು 800 ಮಿಲಿಲೀಟರ್ ಹೊರಹೋಗುತ್ತದೆ. ಮಲದ ಮೂಲಕ ನೂರರಿಂದ ಇನ್ನೂರು. ಮೂತ್ರದ ಪಾಲು ಎಲ್ಲಕ್ಕಿಂತ ದೊಡ್ಡದು, ಆರಾಮದ ಮಟ್ಟದಲ್ಲಿ ಒಂದೂವರೆ ಲೀಟರ್ ಎಂದಿಟ್ಟುಕೊಳ್ಳೋಣ. ಒಟ್ಟು ಎರಡೂವರೆ ಲೀಟರ್ ಆಯಿತು. ಬೆವರಿನ ಲೆಕ್ಕ ಇದರ ಮೇಲೆ. ಬಿಸಿಲಿನಲ್ಲಿ ಮೈಬಗ್ಗಿಸಿ ದುಡಿಯುವವರಿಗೆ ಅದು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಮೂತ್ರವನ್ನು ಎಷ್ಟರಮಟ್ಟಿಗೆ ಕಡಿಮೆ ಮಾಡಬಹುದು ಎಂಬುದಕ್ಕೆ ಒಂದು ಮಿತಿಯಿದೆ, ಅದನ್ನು ತಿಳಿದುಕೊಂಡರೆ ಉಳಿದ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ನಾವು ತಿಂದ ಉಪ್ಪು ಮತ್ತು ಬೇಳೆಕಾಳಿನ ಪ್ರೋಟೀನಿನಿಂದ ಹುಟ್ಟುವ ಯೂರಿಯಾ ಮುಂತಾದ ತ್ಯಾಜ್ಯ ನೀರಿನಲ್ಲಿ ಕರಗಿಯೇ ಹೊರಗೆ ಹೋಗಬೇಕು. ಸಾಧಾರಣ ಊಟ ಮಾಡುವವರಲ್ಲಿ ಇದು ದಿನಕ್ಕೆ ಸುಮಾರು 600 ಮಿಲಿಆಸ್ಮೋಲ್ (ಕರಗಿದ ಕಣಗಳನ್ನು ಎಣಿಸುವ ಮಾನ) ಎಂದು ವೈದ್ಯಪುಸ್ತಕಗಳು ಲೆಕ್ಕ ಹಿಡಿಯುತ್ತವೆ. ಯುವಕರ ಗಟ್ಟಿ ಮೂತ್ರಪಿಂಡ ಒಂದು ಲೀಟರ್ ಮೂತ್ರದಲ್ಲಿ ಹೆಚ್ಚೆಂದರೆ 1200 ಮಿಲಿಆಸ್ಮೋಲ್ ತುಂಬಬಲ್ಲದು, ಆದ್ದರಿಂದ ಏನೇ ಆದರೂ ಅರ್ಧ ಲೀಟರ್ ಮೂತ್ರ ಹೋಗಲೇಬೇಕು. ವಯಸ್ಸಾದಂತೆ ಮೂತ್ರವನ್ನು ಗಟ್ಟಿಗೊಳಿಸುವ ಈ ಶಕ್ತಿ ಕುಗ್ಗುತ್ತದೆ; 600ಕ್ಕಿಂತ ಮೇಲೆ ತುಂಬಲಾಗದ ಮೂತ್ರಪಿಂಡಕ್ಕೆ ಅದೇ ಕಸ ಹೊರಹಾಕಲು ಒಂದು ಲೀಟರ್ ಬೇಕಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳ ಜೊತೆ ಊಟ ಮಾಡಿದ ದಿನ ನೀರು ಹೆಚ್ಚು ಬೇಡುವುದು ನಾಲಿಗೆಯ ಚಪಲವಲ್ಲ, ಮೂತ್ರಪಿಂಡದ ಲೆಕ್ಕ.

ಜಮೆಯ ಕಡೆಗೆ ಬಂದರೆ, ದೇಹ ಆಹಾರವನ್ನು ಉರಿಸುವಾಗ ಸ್ವತಃ ಸುಮಾರು 300 ಮಿಲಿಲೀಟರ್ ನೀರನ್ನು ಉತ್ಪಾದಿಸುತ್ತದೆ. ಇದು ಪುಕ್ಕಟೆ ಜಮೆ. ಮುಂದಿನದು ತಟ್ಟೆಯ ನೀರು, ಮತ್ತು ಇದು ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಸ್ವಾರಸ್ಯಕರವಾದ ಭಾಗ. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಒಂದು ಊಟಕ್ಕೆ ಕಾಲು ಕಿಲೊ ಅನ್ನ ಬಡಿಸಿಕೊಂಡರೆ ಅದರಲ್ಲೇ 160 ಮಿಲಿಲೀಟರಿಗೂ ಹೆಚ್ಚು ನೀರಿದೆ. ಅದರ ಮೇಲೆ ಒಂದು ಬಟ್ಟಲು ತಿಳಿಸಾರು, ಕೊನೆಗೆ ಮಜ್ಜಿಗೆ ಅನ್ನ, ಬದಿಗೆ ಸೌತೆಕಾಯಿ ಕೋಸಂಬರಿ ಇದ್ದರೆ ಒಂದೇ ಊಟದಲ್ಲಿ ಅರ್ಧ ಲೀಟರ್ ಸುಲಭವಾಗಿ ಒಳಗೆ ಹೋಗುತ್ತದೆ. ಸೌತೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು, ಕಲ್ಲಂಗಡಿಯಲ್ಲಿ ತೊಂಬತ್ತೊಂದರ ಮೇಲೆ. ಇದಕ್ಕೆ ಪ್ರತಿಯಾಗಿ ಕಟಕ್ ರೊಟ್ಟಿಯಲ್ಲಿ ನೀರಿನ ಅಂಶ ಹೆಸರಿಗಷ್ಟೇ ಉಳಿದಿರುತ್ತದೆ. ಕಟಕ್ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ, ಮೊಸರಿನ ಜೊತೆ ತಿಂದು ಹೊಲಕ್ಕೆ ಹೋಗುವ ನಮ್ಮ ಕಡೆಯವರಿಗೂ, ಎರಡು ಹೊತ್ತು ಗಂಜಿ ಅಥವಾ ಸಾರನ್ನ ಉಣ್ಣುವ ಕರಾವಳಿಯವರಿಗೂ ಒಂದೇ ಲೋಟದ ಲೆಕ್ಕ ಹೇಳುವುದು ಸರಿಯಲ್ಲ. ರೊಟ್ಟಿಯ ಬುತ್ತಿಯ ಜೊತೆಗೆ ಮಜ್ಜಿಗೆಯ ಗಡಿಗೆ ಹೊತ್ತುಕೊಂಡು ಹೋಗುತ್ತಿದ್ದ ಪದ್ಧತಿ ಸುಮ್ಮನೆ ಬಂದದ್ದಲ್ಲ ಎನ್ನಿಸುತ್ತದೆ. ಈಗ ಬುತ್ತಿ ಉಳಿದಿದೆ, ಗಡಿಗೆಯ ಜಾಗಕ್ಕೆ ತಂಪು ಪಾನೀಯದ ಬಾಟಲಿ ಬಂದಿದೆ. ನೀರಿನ ಲೆಕ್ಕಕ್ಕೆ ಅದೂ ಸೇರುತ್ತದೆ, ಸಕ್ಕರೆಯ ಲೆಕ್ಕ ಬೇರೆ ಬರೆಯಬೇಕು.

ನನ್ನ ಸ್ವಂತ ಲೆಕ್ಕ ಈಗ ಹೀಗಿದೆ. ತೂಕ 56 ಕಿಲೊ. ಆಸ್ಪತ್ರೆಗಳಲ್ಲಿ ಪಥ್ಯ ನಿಗದಿ ಮಾಡುವವರು ವಯಸ್ಕರಿಗೆ ಪ್ರತಿ ಕಿಲೊ ತೂಕಕ್ಕೆ 30ರಿಂದ 35 ಮಿಲಿಲೀಟರ್ ಎಂದು ಗುಣಿಸುತ್ತಾರೆ. ಇದು ಕಾಫಿ, ಮಜ್ಜಿಗೆ, ಸಾರು ಎಲ್ಲವನ್ನೂ ಒಳಗೊಂಡ ದ್ರವದ ಅಂದಾಜು. ನನಗೆ ಅದು ಸುಮಾರು 1.7ರಿಂದ 2 ಲೀಟರ್ ಆಗುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಕಾಫಿ, ಮಧ್ಯಾಹ್ನದ ಸಾರು, ಒಂದು ಲೋಟ ನೀರುಮಜ್ಜಿಗೆ ಇಷ್ಟನ್ನು ಕಳೆದರೆ ಬರಿಯ ನೀರಾಗಿ ಕುಡಿಯಬೇಕಾದದ್ದು ಒಂದೂಕಾಲು ಲೀಟರಿನ ಸುತ್ತಮುತ್ತ, ಅಂದರೆ ನಮ್ಮ ಮಧ್ಯಮ ಲೋಟದಲ್ಲಿ ಆರು ಅಥವಾ ಏಳು. ಡಿಸೆಂಬರ್ ಜನವರಿಯಲ್ಲಿ ಈ ಅಳತೆ ನನಗೆ ಸರಿಹೊಂದುತ್ತದೆ. ಏಪ್ರಿಲ್‌ನಲ್ಲಿ ಖಂಡಿತ ಸಾಲದು. ಗುಣಾಕಾರದ ಸೂತ್ರಕ್ಕೆ ನನ್ನ ತೂಕ ಗೊತ್ತೇ ಹೊರತು ನಮ್ಮ ಮನೆಯ ತಗಡಿನ ಮಾಡು ಗೊತ್ತಿಲ್ಲ.

ಈ ವಿಷಯದಲ್ಲಿ ನಾನು ಓದಿದವುಗಳಲ್ಲಿ ಹೆಚ್ಚು ಭರವಸೆ ಹುಟ್ಟಿಸಿದ್ದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ. 23 ದೇಶಗಳ, ಎಂಟು ದಿನದ ಹಸುಗೂಸಿನಿಂದ 96 ವರ್ಷದ ಮುದುಕರವರೆಗಿನ 5604 ಜನರಿಗೆ ಡ್ಯುಟೀರಿಯಮ್ (ಭಾರವಾದ ಹೈಡ್ರೋಜನ್) ಬೆರೆಸಿದ ನೀರನ್ನು ಕೊಟ್ಟು, ಅದು ದೇಹದಿಂದ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದನ್ನು ಅಳೆದು, ದಿನವೊಂದಕ್ಕೆ ದೇಹದ ಎಷ್ಟು ನೀರು ಹೊರಹೋಗಿ ಹೊಸ ನೀರಿನಿಂದ ಬದಲಾಗುತ್ತದೆ ಎಂದು ಕಂಡುಕೊಂಡ ಅಧ್ಯಯನವಿದು. ಏನು ಕುಡಿದಿರಿ ಎಂದು ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡ ಅಂಕಿಗಳಿಗಿಂತ ಇದು ಎಷ್ಟೋ ಮೇಲು. ವಯಸ್ಸು, ದೇಹದ ಗಾತ್ರ, ದುಡಿಮೆ, ಹವೆಯ ಬಿಸಿ ಮತ್ತು ತೇವ, ಊರಿನ ಎತ್ತರ, ಗರ್ಭ, ಜೀವನದ ಅನುಕೂಲತೆ ಇವೆಲ್ಲವೂ ಅಂಕಿಯನ್ನು ಏರುಪೇರು ಮಾಡುತ್ತವೆಂದು ಅದರಲ್ಲಿ ಕಂಡುಬಂತು. ಬಡ ದೇಶಗಳಲ್ಲಿ ನೀರಿನ ಬದಲಾವಣೆ ಹೆಚ್ಚೆಂಬ ಅಂಶ ನನ್ನನ್ನು ಯೋಚನೆಗೆ ಹಚ್ಚಿತು. ತಂಪು ಕೋಣೆಯಲ್ಲಿ ಕುಳಿತವರು ಎಂಟು ಲೋಟದ ಚರ್ಚೆ ಮಾಡುತ್ತಿರುವಾಗ, ಹೆಚ್ಚು ನೀರು ಬೇಕಾದ ದೇಹಗಳು ಹೊರಗೆ ರಸ್ತೆಗೆ ಡಾಂಬರು ಹಾಕುತ್ತಿರುತ್ತವೆ.

ಬೆವರನ್ನು ಅಳೆಯುವುದು ಮಾತ್ರ ಬಹಳ ಸುಲಭ. ಕೆಲಸಕ್ಕೆ ಅಥವಾ ವ್ಯಾಯಾಮಕ್ಕೆ ಮೊದಲು ಮೂತ್ರ ಮುಗಿಸಿ, ಹಗುರ ಬಟ್ಟೆಯಲ್ಲಿ ತೂಕ ನೋಡಬೇಕು. ಮುಗಿದ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಬೇಕು. ಇಳಿದ ಒಂದೊಂದು ಕಿಲೊಗೂ ಒಂದು ಲೀಟರ್ ನೀರು ಹೋಗಿದೆ ಎಂದರ್ಥ, ನಡುವೆ ಏನಾದರೂ ಕುಡಿದಿದ್ದರೆ ಅದನ್ನೂ ಕೂಡಿಸಬೇಕು. ಬಳ್ಳಾರಿಯ ಒಣ ಬಿಸಿಲಿನಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಹುಟ್ಟಿದ ಕೂಡಲೇ ಆರಿಹೋಗುತ್ತದೆ, ಹಾಗಾಗಿ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ನಮ್ಮವರು ನಾನು ಬೆವರುವುದೇ ಇಲ್ಲ ಎಂದು ಹೆಮ್ಮೆಪಡುವುದು ಇದರಿಂದಲೇ. ಉಡುಪಿ ಮಂಗಳೂರಿನ ಕಡೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಅಂಗಿ ತೊಯ್ಯುತ್ತದೆ, ಮೈ ತಂಪಾಗುವುದಿಲ್ಲ, ದೇಹ ಇನ್ನಷ್ಟು ಬೆವರುತ್ತದೆ. ಎರಡೂ ಕಡೆ ಖರ್ಚು ದೊಡ್ಡದೇ, ಒಂದು ಕಡೆ ಅದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಡೆ ಕಾಣುವುದಿಲ್ಲ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ, ಗಂಟೆಗಟ್ಟಲೆ ದುಡಿದವರಿಗೆ ಬರಿಯ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಹೆಚ್ಚು ಉಪಯುಕ್ತ. ಕುಳಿತು ಕೆಲಸ ಮಾಡುವ ನನ್ನಂಥವರಿಗೆ ಆ ಹೆಚ್ಚಿನ ಉಪ್ಪು ಬೇಕಿಲ್ಲ.

ಗಂಡನ ಕಲ್ಲಿನ ವಿಷಯಕ್ಕೆ ಬರೋಣ. ಕಲ್ಲಾದವರು ಎಷ್ಟು ನೀರು ಕುಡಿಯಬೇಕು ಎಂಬ ಪ್ರಶ್ನೆಗೆ ಮೂತ್ರರೋಗ ತಜ್ಞರು ಕೊಡುವ ಉತ್ತರ ಕುಡಿಯುವ ನೀರಿನ ಅಳತೆಯಲ್ಲ, ಹೊರಬರುವ ಮೂತ್ರದ ಅಳತೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಿರಿ ಎನ್ನುತ್ತದೆ. ಇದಕ್ಕೆ ಗಟ್ಟಿ ಆಧಾರವೂ ಇದೆ. ಮೊದಲ ಬಾರಿ ಕಲ್ಲಾಗಿದ್ದ 199 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಹೆಚ್ಚು ನೀರು ಕುಡಿಯಲು ಹೇಳಿ ಐದು ವರ್ಷ ಗಮನಿಸಿದ ಇಟಲಿಯ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಕಲ್ಲು ಮರುಕಳಿಸಿದರೆ, ಉಳಿದವರಲ್ಲಿ ನೂರಕ್ಕೆ 27 ಜನರಿಗೆ ಮರುಕಳಿಸಿತ್ತು. ಯಾವ ಮಾತ್ರೆಯೂ ಇಲ್ಲದೆ, ಬರಿಯ ನೀರಿನಿಂದ ಅರ್ಧಕ್ಕಿಂತ ಕಡಿಮೆಯಾಯಿತೆಂಬುದು ಸಣ್ಣ ಮಾತಲ್ಲ.

ಪ್ರಯೋಗಾಲಯದವರು ಇಪ್ಪತ್ನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಲು ಕೊಡುವ, ಮೈಮೇಲೆ ಅಳತೆಯ ಗೆರೆಗಳಿರುವ ದೊಡ್ಡ ಪ್ಲಾಸ್ಟಿಕ್ ಕ್ಯಾನ್ ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಈಗ ಕಾಯಂ ವಸ್ತು. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಅದಕ್ಕೆ ಹಾಕಬೇಕು. ಜನವರಿಯಲ್ಲಿ ಗಂಡ ಮೂರು ಲೀಟರ್ ಕುಡಿದ ದಿನ ಕ್ಯಾನಿನ ಮಟ್ಟ ಎರಡೂವರೆಯ ಗೆರೆಯನ್ನು ಮುಟ್ಟಿತ್ತು. ಮೇ ತಿಂಗಳಲ್ಲಿ ಅದೇ ಮೂರು ಲೀಟರಿಗೆ ಒಂದೂವರೆಯನ್ನೂ ದಾಟಲಿಲ್ಲ. ಕಬ್ಬಿಣದ ಅದಿರಿನ ಲಾರಿಗಳ ನಡುವೆ ದಿನವಿಡೀ ಓಡಾಡುವ ಉದ್ಯೋಗ ಅವರದು, ಉಳಿದದ್ದೆಲ್ಲ ಬೆವರಾಗಿ ಹೋಗಿತ್ತು. ಮೂರು ಲೀಟರ್ ಕುಡಿಯಿರಿ ಎಂಬ ಸಲಹೆಯನ್ನು ಅಕ್ಷರಶಃ ಪಾಲಿಸಿಯೂ, ಕಲ್ಲು ಕಟ್ಟಲು ಅನುಕೂಲವಾದ ಗಟ್ಟಿ ಮೂತ್ರದೊಂದಿಗೆ ಇಡೀ ಬೇಸಿಗೆ ಕಳೆಯಬಹುದು ಎಂಬುದು ಆ ಗೆರೆ ನೋಡಿದ ಮೇಲೆಯೇ ನಮಗೆ ಮನದಟ್ಟಾಯಿತು. ಈಗ ಅವರು ಬೇಸಿಗೆಯಲ್ಲಿ ನಾಲ್ಕರ ಮೇಲೆ ಕುಡಿಯುತ್ತಾರೆ, ಮಲಗುವ ಮುಂಚೆ ಒಂದು ಲೋಟ, ರಾತ್ರಿ ಮೂತ್ರಕ್ಕೆ ಎದ್ದಾಗ ಇನ್ನೊಂದು. ಹಗಲು ತಿಳಿಯಾಗಿರುವ ಮೂತ್ರ ರಾತ್ರಿ ಗಟ್ಟಿಯಾಗುತ್ತದೆ, ಕಲ್ಲಿನ ಹರಳುಗಳಿಗೆ ಹಗಲು ರಾತ್ರಿಯ ಭೇದವಿಲ್ಲ.

ಅತ್ತೆಯ ಲೆಕ್ಕ ಇದರ ತಿರುಗುಮುರುಗು. ಹೃದಯ ಸರಿಯಾಗಿ ಒತ್ತದಿದ್ದಾಗ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪಾದಗಳಲ್ಲೂ ಶ್ವಾಸಕೋಶದಲ್ಲೂ ತುಂಬಿಸುತ್ತದೆ, ಅದನ್ನು ಹೊರಹಾಕಲು ಕೊಡುವ ಮಾತ್ರೆಯ ಜೊತೆಗೇ ಕುಡಿಯುವುದಕ್ಕೂ ಕಡಿವಾಣ ಬೀಳುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಇಂಥದೇ ಮಿತಿ ಇರುತ್ತದೆ. ಅತ್ತೆಯ ಒಂದೂವರೆ ಲೀಟರಿನೊಳಗೆ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲವೂ ಬರಬೇಕು. ದಿನವಿಡೀ ಬಾಯಲ್ಲಿ ಕೂಡಿಸುತ್ತ ಹೋದರೆ ಸಂಜೆಯ ಹೊತ್ತಿಗೆ ಜಗಳವಾಗುತ್ತದೆ. ಆದ್ದರಿಂದ ಬೆಳಿಗ್ಗೆಯೇ ಒಂದು ಜಗ್ಗಿನಲ್ಲಿ ಒಂದೂವರೆ ಲೀಟರ್ ನೀರು ತುಂಬಿಸಿ ಅವರ ಮಂಚದ ಪಕ್ಕದಲ್ಲಿಡುತ್ತೇವೆ. ಕಾಫಿ ಕುಡಿದರೆ ಅಷ್ಟೇ ನೀರನ್ನು ಜಗ್ಗಿನಿಂದ ತುಳಸಿ ಕಟ್ಟೆಗೆ ಸುರಿಯಬೇಕು, ಸಾರಿನ ಬಟ್ಟಲಿಗೂ ಹಾಗೆಯೇ. ಜಗ್ಗಿನಲ್ಲಿ ಉಳಿದದ್ದೇ ಉಳಿದ ಕೋಟಾ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡುತ್ತೇವೆ; ಮೂರು ದಿನದೊಳಗೆ ಎರಡು ಕಿಲೊ ಏರಿದರೆ ಅದು ಕೊಬ್ಬಲ್ಲ, ನೀರು, ಕೂಡಲೇ ತಿಳಿಸಿ ಎಂದು ವೈದ್ಯರು ಹೇಳಿದ್ದಾರೆ. ಕಲ್ಲಿನ ರೋಗಿಗೆ ಹೇಳಿದ ಸಲಹೆಯನ್ನು ಅಕ್ಕಪಕ್ಕದವರು ಪ್ರೀತಿಯಿಂದ ಇವರಿಗೂ ಹೇಳಿ ಹೋಗುತ್ತಾರೆ. ಹೆಚ್ಚು ನೀರು ಕುಡಿದರೆ ಯಾರಿಗೂ ಕೆಟ್ಟದ್ದಿಲ್ಲ ಎಂಬ ನಂಬಿಕೆ ಅಷ್ಟು ಆಳವಾಗಿದೆ.

ಆರೋಗ್ಯವಂತರಿಗೂ ಕೆಟ್ಟದ್ದಾಗಬಹುದು. ಸರಿಯಾಗಿರುವ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಎಂಟುನೂರು ಮಿಲಿಲೀಟರಿನಿಂದ ಒಂದು ಲೀಟರ್ ನೀರನ್ನು ಹೊರಹಾಕಬಲ್ಲದು. ಅದಕ್ಕಿಂತ ವೇಗವಾಗಿ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಮೆದುಳಿನ ಕೋಶಗಳು ಊದಿಕೊಳ್ಳುತ್ತವೆ, ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು, ಮತ್ತು ಓಟದ ನಡುವೆ ಕುಡಿದು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿಯೇ ಆ ಅಪಾಯ ಎದ್ದು ಕಂಡಿತ್ತು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಎರಡು ತಂಬಿಗೆ ನೀರು ಒಂದೇ ಸಮನೆ ಕುಡಿಯಿರಿ, ವಿಷವೆಲ್ಲ ಹೊರಹೋಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಉಪದೇಶಕ್ಕೆ ನನ್ನ ಉತ್ತರ ಇಷ್ಟೇ: ಒಂದು ಲೋಟ ಸಾಕು, ಉಳಿದದ್ದನ್ನು ದಿನದ ಉದ್ದಕ್ಕೂ ಹಂಚಿಕೊಳ್ಳಿ. ಆರು ತಿಂಗಳೊಳಗಿನ ಕೂಸಿಗಂತೂ, ಎಂಥ ಬೇಸಿಗೆಯಾದರೂ, ಎದೆಹಾಲಿನ ಹೊರತು ಬೇರೆ ನೀರು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಷ್ಟೆಲ್ಲ ಲೆಕ್ಕ ಬೇಕೇ, ಬಾಯಾರಿಕೆಯಾದಾಗ ಕುಡಿದರೆ ಸಾಲದೇ ಎಂದು ಕೇಳಿದರೆ, ಆರೋಗ್ಯವಂತ ವಯಸ್ಕರಿಗೆ ಬಹುಮಟ್ಟಿಗೆ ಸಾಕು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡರಷ್ಟು ಏರಿದೊಡನೆ ಮೆದುಳಿನ ಹೈಪೊಥಲಾಮಸ್ ಅದನ್ನು ಗುರುತಿಸಿ, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡಿಸಿ ಮೂತ್ರವನ್ನು ಗಟ್ಟಿಗೊಳಿಸುತ್ತದೆ, ಜೊತೆಗೆ ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ಬಾಯಾರಿಕೆಯಾಗುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಮಾತು ನನಗೆ ಅತಿಶಯೋಕ್ತಿಯಾಗಿ ಕಾಣುತ್ತದೆ. ಆದರೆ ವಯಸ್ಸಾದವರಲ್ಲಿ ಈ ಕರೆ ಮಂಕಾಗುತ್ತದೆ, ಮೈಮರೆತು ದುಡಿಯುವವರಿಗೆ ಕೇಳಿಸುವುದಿಲ್ಲ. ಅಂಥವರು ಮೂತ್ರದ ಬಣ್ಣ ನೋಡಿಕೊಳ್ಳಬೇಕು: ಒಣಹುಲ್ಲಿನ ತಿಳಿ ಹಳದಿಯಿದ್ದರೆ ಸರಿ, ಕಡುವಾದರೆ ನೀರು ಸಾಲದು, ದಿನವಿಡೀ ನೀರಿನಂತೆಯೇ ಬಣ್ಣವಿಲ್ಲದಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತಿದ್ದಾರೆ. ಬೆಳಗಿನ ಮೊದಲ ಮೂತ್ರ ಎಲ್ಲರಿಗೂ ಕಡುವಾಗಿಯೇ ಇರುತ್ತದೆ, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದರೆ ಎದ್ದು ಕಾಣುವ ಹಳದಿ ಬರುತ್ತದೆ. ಎರಡನ್ನೂ ಲೆಕ್ಕಕ್ಕೆ ಹಿಡಿಯಬಾರದು. ಕಾಫಿ ನೀರನ್ನು ಹೊರದೂಡುತ್ತದೆ ಎಂಬ ಆರೋಪವೂ ಅಭ್ಯಾಸವಿರುವವರ ಮಟ್ಟಿಗೆ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿದ ಐವತ್ತು ಗಂಡಸರಲ್ಲಿ, ಅಷ್ಟೇ ನೀರು ಕುಡಿದಾಗಿನ ಸ್ಥಿತಿಗಿಂತ ಭಿನ್ನವಾದ ನಿರ್ಜಲತೆ ಕಾಣಲಿಲ್ಲವೆಂದು 2014ರ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಕಾಫಿಪ್ರಿಯರ ಪರವಾಗಿ ಇದನ್ನು ದಾಖಲಿಸಲು ನನಗೆ ವಿಶೇಷ ಸಂತೋಷ.

ಎಷ್ಟು ಕುಡಿಯುತ್ತೇವೆ ಎಂಬುದು ಯಾವ ನೀರು ಎಂಬುದರ ಜೊತೆ ಹೆಣೆದುಕೊಂಡಿದೆ ಎಂಬುದನ್ನು ನಮ್ಮ ನಾಡಿನಲ್ಲಿ ಮರೆಯುವಂತಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕ ಲೀಟರಿಗೆ ಒಂದು ಮಿಲಿಗ್ರಾಂ ಎಂಬ ಮಿತಿ ಹಾಕಿ, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆಯವರೆಗೆ ಅನುಮತಿಸುತ್ತದೆ. ದಿನವೊಂದಕ್ಕೆ ಒಟ್ಟು ಆರು ಮಿಲಿಗ್ರಾಂ ದಾಟಿದರೆ ಮೂಳೆಗೆ ತೊಂದರೆ ಹೆಚ್ಚಬಹುದೆಂಬ ಸೂಚನೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿಯುವ ಗುಮಾಸ್ತನಿಗೆ ಮೂರು ಮಿಲಿಗ್ರಾಂ ಸೇರಿದರೆ, ಅದೇ ನೀರನ್ನು ನಾಲ್ಕು ಲೀಟರ್ ಕುಡಿದು ಹೊಲದಲ್ಲಿ ದುಡಿಯುವ ಆಳಿಗೆ ಊಟದ ಪಾಲನ್ನು ಬಿಟ್ಟೇ ಆರು ಸೇರುತ್ತದೆ. ಬಿಸಿ ಹವೆಯ ಊರುಗಳಲ್ಲಿ ಮಕ್ಕಳು ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿರಬೇಕೆಂದು ಅಮೆರಿಕದ ಸಂಶೋಧಕರು 1957ರಷ್ಟು ಹಿಂದೆಯೇ ತಾಪಮಾನದ ಲೆಕ್ಕ ಹಾಕಿ ತೋರಿಸಿದ್ದರು. ಅಂಥ ಊರುಗಳಲ್ಲಿ ಹೆಚ್ಚು ನೀರು ಕುಡಿಯಿರಿ ಎಂದು ಹೇಳುವವರು, ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆಯೇ ಎಂದು ಮೊದಲು ವಿಚಾರಿಸಬೇಕು.

ಉಳಿದದ್ದು ಮಗಳ ಬಾಟಲಿ. ಅವಳ ವಯಸ್ಸಿನ ಹುಡುಗಿಯರಿಗೆ ಅಮೆರಿಕದ ಅಂದಾಜು ಊಟದ ನೀರೂ ಸೇರಿ ದಿನಕ್ಕೆ 2.1 ಲೀಟರ್. ಎಂಟು ಗಂಟೆ ಶಾಲೆಯಲ್ಲಿದ್ದು ಕಾಲು ಬಾಟಲಿಯನ್ನಷ್ಟೇ ಕುಡಿದರೆ ಆ ಅಂಕಿ ಮುಟ್ಟುವ ಸಾಧ್ಯತೆಯೇ ಇಲ್ಲ. ನೆನಪಾಗಲಿಲ್ಲ ಎಂದು ಬಹಳ ಕಾಲ ಹೇಳುತ್ತಿದ್ದವಳು, ಕೊನೆಗೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಕುಡಿಯುವುದಿಲ್ಲ ಎಂದಳು. ಚಿಲಕವಿಲ್ಲ, ಮಧ್ಯಾಹ್ನದ ಮೇಲೆ ನೀರೂ ಇರುವುದಿಲ್ಲ. ಅವಳ ಗೆಳತಿಯರೆಲ್ಲರ ಲೆಕ್ಕವೂ ಇದೇ. ಬಸ್ ಕಂಡಕ್ಟರ್ ಆಗಿರುವ ನನ್ನ ಚಿಕ್ಕಮ್ಮನ ಮಗಳೂ ಪಾಳಿ ಮುಗಿಯುವವರೆಗೆ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ಕುಡಿಯುತ್ತಾಳೆ, ಮೂತ್ರದ ಸೋಂಕು ಅವಳಿಗೆ ಹೊಸತಲ್ಲ. ಕೇರಳದಲ್ಲಿ ಆರಂಭವಾಗಿ 2019ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೂ ಬಂದ ನೀರಿನ ಗಂಟೆ ಒಳ್ಳೆಯ ಯೋಜನೆ. ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಬಾಟಲಿ ತೆರೆಯಬೇಕು. ಮಗಳ ಶಾಲೆಯಲ್ಲೂ ಗಂಟೆ ಬಾರಿಸುತ್ತಿತ್ತಂತೆ, ಹುಡುಗಿಯರು ಬಾಟಲಿ ತೆರೆದು ಬಾಯಿಗಿಟ್ಟುಕೊಂಡು ಮುಚ್ಚುತ್ತಿದ್ದರಂತೆ. ನಾವು ನಾಲ್ಕೈದು ತಾಯಂದಿರು ಪಾಲಕರ ಸಭೆಯಲ್ಲಿ ಲೋಟದ ವಿಷಯ ಎತ್ತದೆ ಚಿಲಕ ಮತ್ತು ಟ್ಯಾಂಕಿನ ವಿಷಯವನ್ನಷ್ಟೇ ಎತ್ತಿದೆವು. ಚಿಲಕಗಳು ಬಂದಿವೆ. ಟ್ಯಾಂಕಿಗೆ ಎರಡನೆಯ ಬಾರಿ ನೀರು ಏರಿಸುವ ಮೋಟರು ಬೇಸಿಗೆ ರಜೆಯೊಳಗೆ ಬರುತ್ತದೆ ಎಂದಿದ್ದಾರೆ.